ಕರಿ ಕಿವಿಯ ನಾಯಿ: ಅತ್ತೆ ಜೊತೆ ಗೋವಾದಲ್ಲಿ ನಾಲ್ಕು ದಿನ

ನಮ್ಮತ್ತೆಗೆ ಈಗ 81. ಅಂಕೋಲಾದವರು, ಮನೆಮಾತು ಕೊಂಕಣಿ, ಧಾರವಾಡಕ್ಕೆ ಬಂದು 60 ವರ್ಷವಾಯಿತು. ನಾನು ಸೊಸೆಯಾಗಿ ಬಂದ ಮೊದಲ ವಾರವೇ, ಹಲಸಿನ ಹಪ್ಪಳ ಒತ್ತುತ್ತಾ, ನನಗೊಂದು ಕತೆ ಹೇಳಿದ್ದರು. ಅದು ಅವರಿಗೆ ಅವರ ಅತ್ತೆ ಹೇಳಿದ್ದು. ಆ ಅತ್ತೆಗೆ ಅವರ ಅತ್ತೆ. ಈ ಮನೆಯಲ್ಲಿ ಹುಟ್ಟಿದವರು ಯಾರೂ ಆ ಕತೆ ಹೇಳುವುದಿಲ್ಲ, ಹೊರಗಿನಿಂದ ಬಂದ ಸೊಸೆಯರೇ ಹೇಳಿಕೊಂಡು ಬಂದಿದ್ದಾರೆ.

ಕತೆ ಇಷ್ಟೇ. ನಮ್ಮ ಮನೆತನದವರು ಗೋವಾದ ಕುಂಕಳ್ಳಿಯವರು. ಪೋರ್ತುಗೀಸರ ಕಾಟ ತಡೆಯದೆ ಒಂದು ರಾತ್ರಿ ದೇವರನ್ನು ಬುಟ್ಟಿಯಲ್ಲಿಟ್ಟು, ಮೇಲೆ ಅಕ್ಕಿ ಸುರಿದು, ಹೊಳೆ ದಾಟಿ ಬಂದರು. ಮನೆಯ ನಾಯಿ ದಂಡೆಯವರೆಗೂ ಹಿಂದೆಯೇ ಬಂತು. ಬಿಳಿ ನಾಯಿ, ಒಂದು ಕಿವಿ ಮಾತ್ರ ಕರಿ. ದೋಣಿ ಹೊರಟಿತು. ನಾಯಿ ಬೊಗಳಲಿಲ್ಲ.

ಈ 34 ವರ್ಷಗಳಲ್ಲಿ ಬುಟ್ಟಿಯ ಅಕ್ಕಿ ಒಮ್ಮೆ ಉಪ್ಪಾಯಿತು, ಒಮ್ಮೆ ತೆಂಗಿನಕಾಯಿ. ದೋಣಿಯಲ್ಲಿದ್ದವರು ಏಳು ಜನ ಇದ್ದವರು ಹನ್ನೊಂದಾದರು. ನಾಯಿ ಮಾತ್ರ ಹಾಗೇ ಇದೆ.

ನಾನು ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಸಾಕ್ಷಿ ಹೇಳಿಕೆ ಬರೆದುಕೊಳ್ಳುವುದೇ ಕೆಲಸ. ಪಾಟೀಸವಾಲಿನಲ್ಲಿ ವಕೀಲರು ತಾರೀಕು, ಗಂಟೆ, ಎಷ್ಟು ಮಾರು ದೂರ ಅಂತ ಕೇಳಿ ಕೇಳಿ ಸಾಕ್ಷಿಯನ್ನು ಬೀಳಿಸುತ್ತಾರೆ. ಎಲ್ಲರೂ ಬೀಳುತ್ತಾರೆ, ನಾನೂ ಬೀಳುತ್ತೇನೆ. ಆದರೆ ಅದೇ ಸಾಕ್ಷಿ, ಯಾರೂ ಕೇಳದಿದ್ದರೂ, "ಒಲಿ ಮ್ಯಾಲೆ ಹಾಲು ಉಕ್ಕಿತ್ರೀ ಆಗ" ಅಂದುಬಿಡುತ್ತಾಳೆ. ಕೇಸಿಗೆ ಬೇಡದ ಮಾತು. ನನ್ನ ಪೆನ್ನು ಮಾತ್ರ ಅಲ್ಲೇ ಒಂದು ಕ್ಷಣ ನಿಲ್ಲುತ್ತಿತ್ತು. ಅತ್ತೆಯ ನಾಯಿ ನನಗೆ ಆ ಹಾಲಿನ ಹಾಗೆ.

ಹೋದ ಆಷಾಢದಲ್ಲಿ ಅತ್ತೆ ಹಟ ಹಿಡಿದರು. ಕುಂಕಳ್ಳಿ ನೋಡಬೇಕು, ಮಂಡಿ ಪೂರ್ತಿ ಕೈಕೊಡುವ ಮೊದಲೇ. ನಮ್ಮವರು ರಿಟೈರಾದ ಹೈಸ್ಕೂಲು ಇತಿಹಾಸದ ಮೇಷ್ಟ್ರು. ಅವರಿಗೆ ಅಷ್ಟು ಹೇಳಿದರೆ ಸಾಕಿತ್ತು.

ಮೊದಲ ದಿನ: ಮಡಗಾಂವ್

ಹುಬ್ಬಳ್ಳಿಯಿಂದ ರೈಲು. ಕ್ಯಾಸಲ್ ರಾಕ್ ದಾಟಿದ ಮೇಲೆ ಘಾಟಿನಲ್ಲಿ ತೆವಳುತ್ತಾ ಹೋಯಿತು. ದೂಧಸಾಗರದ ಹತ್ತಿರ ಡಬ್ಬಿಯ ಜನವೆಲ್ಲ ಒಂದೇ ಕಡೆ ವಾಲಿದರು, ಕಿಟಕಿಯಿಂದ ನೀರಿನ ತುಂತುರು ಒಳಗೇ ಬಂತು. ಇವರು ಫೋಟೋ ಹೊಡೆಯುವ ಸಂಭ್ರಮದಲ್ಲಿ ಎರಡು ಕೊಡೆಗಳನ್ನು ಮೇಲಿನ ಬರ್ತಿನಲ್ಲೇ ಬಿಟ್ಟು ಇಳಿದರು. ಗೋವಾದ ಆಷಾಢದ ಮಳೆಗೆ ನಮ್ಮ ಮೂವರಿಗೂ ಸೇರಿ ಉಳಿದದ್ದು ಅತ್ತೆಯ ಹಳೇ ಕೊಡೆ ಒಂದೇ. ಅದರದ್ದೂ ಒಂದು ಕಡ್ಡಿ ಮುರಿದಿತ್ತು.

ಉಳಿದುಕೊಂಡದ್ದು ಊರಿನಿಂದ ಸ್ವಲ್ಪ ಹೊರಗೆ, ಒಬ್ಬ ಕ್ರಿಶ್ಚಿಯನ್ ಬಾಯಿಯ ಹಳೇ ಮನೆಯಲ್ಲಿ. ಮುಂದೆ ಬಾಲ್ಕಾವ್, ಅಂದರೆ ಎರಡೂ ಕಡೆ ಕಲ್ಲಿನ ಆಸನವಿರುವ ಜಗಲಿ. ಮಳೆಗಾಲದಲ್ಲಿ ಬಾಡಿಗೆ ಅರ್ಧಕ್ಕರ್ಧ ಕಮ್ಮಿ. ಆದರೆ ಮೀನಿನ ಆಸೆ ಇಟ್ಟುಕೊಂಡು ಬರಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಹಾಗಾಗಿ ರಾತ್ರಿ ಊಟಕ್ಕೆ ಸಿಕ್ಕಿದ್ದು ಒಣ ಸಿಗಡಿಯ ಕಿಸ್ಮೂರ್, ಸೋಲ್ ಕಡಿ, ಕೆಂಪು ಕುಚ್ಚಲಕ್ಕಿ ಅನ್ನ. ಅಂಗಾತ ಮಲಗುವಷ್ಟು ತಿಂದೆ ನಾನು.

ಅತ್ತೆ ಮಾತ್ರ ಮೊದಲ ತುತ್ತಿಗೇ ನಿಂತರು. "ಅನ್ನಕ್ಕೆ ಉಪ್ಪು ಹಾಕಿದ್ದಾಳಲ್ಲೇ!" ಅಂತ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಅಂದರು. ಆಮೇಲೆ ತಡೆಯಲಾಗದೆ ಕೊಂಕಣಿಯಲ್ಲಿ ಕೇಳಿಯೇ ಬಿಟ್ಟರು. ಬಾಯಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಉಪ್ಪು ಹಾಕದೆ ಅನ್ನ ಮಾಡೋದು ಹೇಗೆ ಮಾಂಯ್?" ಅಂದಳು. ಇಬ್ಬರೂ ಒಬ್ಬರನ್ನೊಬ್ಬರು ಪಾಪ ಅನ್ನುವ ಹಾಗೆ ನೋಡಿಕೊಂಡರು.

ಎರಡನೇ ದಿನ: ಹಳೇ ಗೋವಾ, ಪಣಜಿ

ಬೆಳಿಗ್ಗೆ ಆರಕ್ಕೆ ಸೈಕಲ್ ಹಾರ್ನ್. ಪೊದೇರ್ ಪಾವ್ ತಂದಿದ್ದ. ಬಿಸಿ ಪೊಯಿ, ಜೊತೆಗೆ ಬಟಾಣಿಯ ಪಾತಳ್ ಭಾಜಿ.

ಟ್ಯಾಕ್ಸಿಯ ಹುಡುಗ ನಮ್ಮ ಮಾತು ಕೇಳಿ ಕನ್ನಡಿಯಲ್ಲೇ ನಕ್ಕ. "ಧಾರವಾಡದವ್ರೇನ್ರೀ? ನಮ್ದು ಬೀಳಗಿ ತಾಲೂಕ್ರೀ. ಅಂದ್ರ, ಇತ್ತು. ಮುಳುಗಡಿ ಊರು." ಆಲಮಟ್ಟಿ ಹಿನ್ನೀರಿನಲ್ಲಿ ಹೋದ ಹಳ್ಳಿ. ಹುಡುಗ ಹುಟ್ಟಿದ್ದು ವಾಸ್ಕೋದಲ್ಲಿ, ಆ ಊರನ್ನು ಕಂಡೇ ಇಲ್ಲ. ಆದರೂ ಅಗಸಿ ಎಲ್ಲಿ, ಹನಮಪ್ಪನ ಗುಡಿ ಎಲ್ಲಿ, ಗುಡಿಯಿಂದ ಅವರ ಮನೆಗೆ ಎಷ್ಟನೇ ಬಾಗಿಲು ಅಂತ ಹೇಳಿದ. ಅವರಜ್ಜಿ ಕೈಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರಂತೆ. ಬೇಸಿಗೆಯಲ್ಲಿ ನೀರಿಳಿದಾಗ ಗೋಡೆಗಳು ಕಾಣುತ್ತವಂತೆ. "ಒಮ್ಮೆ ಹೋಗಿ ಎಣಿಸಬೇಕ್ರೀ ಬಾಗಲಾ," ಅಂದ.

ಹಳೇ ಗೋವಾದಲ್ಲಿ ಬಸ್ಸಿನಿಂದಿಳಿದ ಜನವೆಲ್ಲ ಬೋಮ್ ಜೀಸಸ್ ಬೆಸಿಲಿಕಾದ ಕಡೆ ಓಡುತ್ತಾರೆ. ಇವರು ನಮ್ಮನ್ನು ಎದುರಿನ ಸೆ ಕ್ಯಾಥೆಡ್ರಲ್ ಮುಂದಿನ ಹುಲ್ಲುಹಾಸಿಗೆ ಕರೆದುಕೊಂಡು ಹೋದರು. ಹುಲ್ಲು, ಒದ್ದೆ ಬೆಂಚು, ಒಂದು ಕಾಗೆ. "ಇಲ್ಲೇ," ಅಂದರು. ಇನ್‌ಕ್ವಿಸಿಷನ್ ಅರಮನೆ ಇದ್ದ ಜಾಗ. ಇನ್‌ಕ್ವಿಸಿಷನ್ ಅಂದರೆ ಧರ್ಮ ತಪ್ಪಿದರು ಅಂತ ಜನರನ್ನು ಹಿಡಿದು ವಿಚಾರಿಸಿ ಶಿಕ್ಷಿಸುತ್ತಿದ್ದ ಚರ್ಚಿನ ಕೋರ್ಟು. ಕೊಂಕಣಿಯವರು ಆ ಅರಮನೆಯನ್ನು ವ್ಹಡ್ಲೆಂ ಘರ್ ಅನ್ನುತ್ತಿದ್ದರು, ದೊಡ್ಡ ಮನೆ. ಹೆಸರು ಹೇಳಿದ್ದೇ ತಡ, ಅತ್ತೆ ಕೊಡೆ ನೆಟ್ಟಗೆ ಹಿಡಿದರು. ಚಿಕ್ಕವರಿದ್ದಾಗ ಮಲಗದಿದ್ದರೆ ಅಜ್ಜಿ ಹೇಳುತ್ತಿದ್ದರಂತೆ, "ವ್ಹಡ್ಲ್ಯಾ ಘರಾಂತ್ ವ್ಹರ್ತಾತ್." ದೊಡ್ಡ ಮನೆಗೆ ಒಯ್ಯುತ್ತಾರೆ ಅಂತ. ಯಾರ ಮನೆ ಅಂತ ಅವರೂ ಕೇಳಿರಲಿಲ್ಲ, ಅಜ್ಜಿಗೂ ಗೊತ್ತಿತ್ತೋ ಇಲ್ಲವೋ.

ಇನ್‌ಕ್ವಿಸಿಷನ್ 1560ರಲ್ಲಿ ಶುರುವಾದದ್ದು, ನಡುವೆ 1774ರಿಂದ ನಾಲ್ಕು ವರ್ಷ ನಿಂತು, 1812ರಲ್ಲಿ ಪೂರ್ತಿ ಮುಚ್ಚಿತು. 16,000ಕ್ಕಿಂತ ಜಾಸ್ತಿ ಮೊಕದ್ದಮೆ. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಆಗಲೇ ಕ್ರಿಶ್ಚಿಯನ್ ಆಗಿದ್ದವರು. ಹೊಸ ಧರ್ಮಕ್ಕೆ ಬಂದರೂ ಹಳೇದನ್ನು ಬಿಟ್ಟಿಲ್ಲ ಅನ್ನುವ ಆರೋಪ. ಕೊನೆಗೆ ಮುಚ್ಚಿದಾಗ ಬಹುಪಾಲು ಕಡತಗಳನ್ನು ಸುಟ್ಟುಹಾಕಿದರು. ಜೀವಮಾನವೆಲ್ಲ ಕಡತ ಕಟ್ಟಿದವಳು ನಾನು. ಕೆಂಪು ದಾರ, ಪುಟದ ನಂಬರು, ಬದಿಯಲ್ಲಿ ಸಾಕ್ಷಿಯ ಹೆಬ್ಬೆಟ್ಟು. ಅಷ್ಟೊಂದು ಕಡತ ಉರಿದು ಮುಗಿಯಲು ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕುತ್ತಾ ನಿಂತೆ, ಸುಮ್ನೆ.

ಒಳಗಿದ್ದು ಬಂದವನೊಬ್ಬ ಬಾಯಿಬಿಟ್ಟಿದ್ದಾನೆ. ಷಾರ್ಲ್ ದೆಲ್ಲೋನ್ ಅನ್ನುವ ಫ್ರೆಂಚ್ ವೈದ್ಯ. ದಮನ್‌ನಲ್ಲಿ ಹಿಡಿದು ಇಲ್ಲಿಗೆ ತಂದರು. ನಸುಕಿನಲ್ಲಿ ಚಿತ್ರಹಿಂಸೆಯ ಕೂಗು ತನ್ನ ಕೋಣೆಗೆ ಕೇಳುತ್ತಿತ್ತು ಅಂತ ಬರೆದಿದ್ದಾನೆ. 1676ರ ಜನವರಿಯಲ್ಲಿ ಶಿಕ್ಷೆಯ ಮೆರವಣಿಗೆ, ಬರಿಗಾಲು, ಕೈಯಲ್ಲಿ ಮೇಣದಬತ್ತಿ. ಸೂರ್ಯ ಹುಟ್ಟುವ ಮೊದಲು ಕ್ಯಾಥೆಡ್ರಲ್‌ನ ದೊಡ್ಡ ಗಂಟೆ ಬಾರಿಸಿತಂತೆ. ಇಲ್ಲಿ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಅಂತ ಆಣೆ ಮಾಡಿಸಿಯೇ ಕಳಿಸುತ್ತಿದ್ದರು. ಆತ ಆಣೆ ಮುರಿದು 1687ರಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿದ. ನಮ್ಮಲ್ಲಿ ಸಾಕ್ಷಿಗೆ ಹೇಳುತ್ತೇನೆ ಅಂತ ಆಣೆ, ಅಲ್ಲಿ ಹೇಳುವುದಿಲ್ಲ ಅಂತ.

ಕ್ಯಾಥೆಡ್ರಲ್‌ಗೆ ಈಗ ಒಂದೇ ಗೋಪುರ. ಇನ್ನೊಂದು 1776ರಲ್ಲಿ ಬಿತ್ತು. ದೊಡ್ಡ ಗಂಟೆ ಉಳಿದ ಗೋಪುರದಲ್ಲಿದೆ.

ಅಲ್ಲಿಂದ ರಸ್ತೆ ಬದಿಯ ಕಪ್ಪು ಕಲ್ಲಿನ ಕಂಬ. ಊರವರು ಹಾತ್ ಕಾತ್ರೊ ಖಾಂಬ್ ಅನ್ನುತ್ತಾರೆ, ಕೈ ಕತ್ತರಿಸುತ್ತಿದ್ದ ಕಂಬ. ಅತ್ತೆ ಹತ್ತಿರ ಹೋಗಿ ಅಂಗೈ ಇಟ್ಟರು. ನಮ್ಮ ಮೇಷ್ಟ್ರು ಸುಮ್ಮನಿರಲಿಲ್ಲ. "ಆಯಿ, ಇದು ಕದಂಬರ ಕಾಲದ ಯಾವುದೋ ಗುಡಿಯ ಕಂಬ. ಪೋರ್ತುಗೀಸರು ಇದಕ್ಕೆ ಕಟ್ಟಿ ಹೊಡೀತಿದ್ದರು. ಕೈ ಕಡಿದದ್ದಕ್ಕೆ ದಾಖಲೆ ಇಲ್ಲ."

"ದಾಖಲೆ ಸುಟ್ಟರು ಅಂತ ಈಗಷ್ಟೇ ಹೇಳಿದೆಯಲ್ಲೋ."

"ಸುಟ್ಟರು ಅಂದ ಮಾತ್ರಕ್ಕೆ ಹೇಳಿದ್ದೆಲ್ಲ ನಿಜ ಆಗ್ತದಾ?"

ಇಬ್ಬರೂ ನನ್ನ ಕಡೆ ನೋಡಿದರು, ನಾನೇ ಜಡ್ಜ್ ಅನ್ನುವ ಹಾಗೆ. ನಾನು ಬೇಯಿಸಿದ ಜೋಳ ಕೊಳ್ಳಲು ಹೋದೆ. ಇವರು ಹೇಳಿದ್ದು ಸರಿಯೇ. ಕೋರ್ಟಿನಲ್ಲೂ ಹಾಗೇ, 30 ವರ್ಷ ದಾಟಿದ ಕಾಗದ ಸರಿಯಾದ ಕೈಯಿಂದ ಬಂದರೆ ಅದು ಅಸಲಿ ಅಂತ ಭಾವಿಸಬಹುದು. ಕೇಳಿದ ಮಾತಿಗೆ ಆ ಮರ್ಯಾದೆ ಇಲ್ಲ. ಆದರೆ ಎಷ್ಟು ಸಲ ನೋಡಿಲ್ಲ ನಾನು, ಆಯುಧ ತಪ್ಪು ಹೇಳಿದ ಸಾಕ್ಷಿಯನ್ನು? ಕುಡುಗೋಲು ಅನ್ನುತ್ತಾಳೆ, ಪಂಚನಾಮೆಯಲ್ಲಿ ಕೊಡಲಿ. ಗಾಯ ಮಾತ್ರ ಇದ್ದೇ ಇರುತ್ತದೆ.

ವಾಪಸು ಬರುವಾಗ ಪಣಜಿಯಲ್ಲಿ ಚಹಾ. ಚರ್ಚ್ ಚೌಕದ ಹತ್ತಿರದ ಉದ್ಯಾನಕ್ಕೆ ಗಾರ್ಸಿಯಾ ದ ಓರ್ತಾ ಅಂತ ಹೆಸರು. ಯಹೂದಿ ಮೂಲದ ಪೋರ್ತುಗೀಸ್ ವೈದ್ಯ. ನಮ್ಮ ದೇಶದ ಔಷಧಿ ಗಿಡಗಳ ಮೇಲೆ ಅವನು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿಯನ್ನು ಜೀವಂತ ಸುಟ್ಟರು. 1580ರಲ್ಲಿ ಅವನ ಎಲುಬು ಅಗೆದು ತೆಗೆದು ಸುಟ್ಟರು. ನಮ್ಮಲ್ಲಿ ಆರೋಪಿ ಸತ್ತರೆ ಕೇಸು ಅಲ್ಲಿಗೇ ಮುಗಿಯಿತು, ಫೈಲಿನ ಮೇಲೆ ಒಂದು ಸಾಲು ಬರೆದು ಕಟ್ಟಿಡುತ್ತೇವೆ. ಹನ್ನೆರಡು ವರ್ಷ ಬಿಟ್ಟು ಗೋರಿಯಿಂದ ಆರೋಪಿಯನ್ನು ಎಬ್ಬಿಸಿ ತರುವುದನ್ನು ನಾನು ಕೇಳಿರಲಿಲ್ಲ. ಉದ್ಯಾನದಲ್ಲಿ ಪ್ರೇಮಿಗಳು ಒಂದೇ ಕೊಡೆಯಲ್ಲಿ ಕೂತಿದ್ದರು. ಇವರು ಅಲ್ಲೇ ಎದುರಿನ ಅಂಗಡಿಯಲ್ಲಿ ಒಂದು ಕೊಡೆ ಕೊಂಡರು. ಸಂಜೆಯೊಳಗೆ ಗಾಳಿಗೆ ಮಗುಚಿ ಹೋಯಿತು.

ರಾತ್ರಿ ಮತ್ತೆ ಅದೇ ಉಪ್ಪಿನ ಅನ್ನ. ಇವರಿಗೆ ಆಗ ನೆನಪಾಯಿತು. 1736ರಲ್ಲಿ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆ. ಕ್ರಿಶ್ಚಿಯನ್ನರಾದವರು ಮನೆ ಮುಂದೆ ತುಳಸಿ ಬೆಳೆಸುವಂತಿಲ್ಲ, ಮದುವೆಯಲ್ಲಿ ಎಲೆ ಅಡಿಕೆ ಹಂಚುವಂತಿಲ್ಲ, ಏಕಾದಶಿ ಉಪವಾಸ ಮಾಡುವಂತಿಲ್ಲ, ಗಂಡಸರು ಧೋತರ ಉಡುವಂತಿಲ್ಲ. ಅದರಲ್ಲೊಂದು, ಉಪ್ಪು ಹಾಕದೆ ಅನ್ನ ಬೇಯಿಸುವಂತಿಲ್ಲ. ಅದು ಹಿಂದೂಗಳ ಪದ್ಧತಿ.

ಅತ್ತೆ ಅದನ್ನು ಕೊಂಕಣಿಗೆ ತಿರುಗಿಸಿ ಹೇಳಿದರು. ಬಾಯಿ ಬಡಿಸುವ ಸೌಟು ಹಿಡಿದುಕೊಂಡೇ ನಿಂತಳು. ಆಜ್ಞೆಯ ಸುದ್ದಿ ಅವಳು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದಳು: "ನಾನು ಹೊಸದಾಗಿ ಅಡುಗೆ ಕಲಿಯುವಾಗ ಒಂದೆರಡು ಸಲ ಉಪ್ಪು ಮರೆತಿದ್ದೆ. ಅಜ್ಜಿ ಬೈಯಲಿಲ್ಲ. ಎದ್ದು ಹೋಗಿ ಕಿಟಕಿ ಹಾಕಿದಳು."

ನಾನು ಊಟ ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ. ಮಲಗುವಾಗ ಅತ್ತೆ ಕತ್ತಲಲ್ಲಿ ಅಂದರು, "ನಾವು ಓಡಿಬಂದು ಬಾಯ್ತುಂಬ ಹೇಳ್ಕೊಂಡೆವು. ಇವರು ಇಲ್ಲೇ ಇದ್ದರಲ್ಲ, ಯಾರ ಹತ್ತಿರ ಹೇಳಬೇಕಿತ್ತು?"

ಮೂರನೇ ದಿನ: ಕುಂಕಳ್ಳಿ, ಫಾತರ್ಪಾ, ಅಸೋಳ್ನಾ

ಬೀಳಗಿಯ ಹುಡುಗನೇ ಬಂದ. ಮಳೆ ಕಣ್ಣು ಬಿಡಲು ಬಿಡುತ್ತಿರಲಿಲ್ಲ. ವೈಪರ್ ಅತ್ತಿತ್ತ ಹೊಡೆದರೂ ಎದುರಿನ ಬಸ್ಸು ಹಾರ್ನ್ ಮಾಡಿದ ಮೇಲೆಯೇ ಕಾಣುತ್ತಿತ್ತು. ಗದ್ದೆಗಳಲ್ಲಿ ನಾಟಿ ನಡೆದಿತ್ತು.

ಕುಂಕಳ್ಳಿಯಲ್ಲಿ ಮೊದಲು ಹೋದದ್ದು ಬಾವಿಗೆ. ಅಲ್ಲೊಂದು ಚಿಕ್ಕ ಇಗರ್ಜಿ, ಅಂದರೆ ಚರ್ಚು, ಇದೆ. 1583ರ ಜುಲೈನಲ್ಲಿ ಜೆಸ್ವಿಟ್ ಅನ್ನುವ ಕ್ಯಾಥೊಲಿಕ್ ಸಂಘದ ಐವರು, ನಾಲ್ವರು ಪಾದ್ರಿಗಳು ಮತ್ತು ಒಬ್ಬ ಬ್ರದರ್, ಈ ಊರಿಗೆ ಬಂದರು, ಶಿಲುಬೆ ನೆಡಲು, ಇಗರ್ಜಿಗೆ ಜಾಗ ನೋಡಲು. ಅದಕ್ಕೂ ಮೊದಲು ಈ ಸೀಮೆಯ ಗುಡಿಗಳನ್ನು ಪೋರ್ತುಗೀಸರು ಕೆಡವಿ ಸುಟ್ಟಿದ್ದರು. ಊರವರು ಐವರನ್ನೂ ಕೊಂದರು, ಜೊತೆಗಿದ್ದ ಕೆಲವರನ್ನೂ. ಶವಗಳನ್ನು ಬಾವಿಗೆ ಹಾಕಿದರು. ಆ ಪಾದ್ರಿಗಳಲ್ಲಿ ಒಬ್ಬ ರುದೋಲ್ಫೋ ಅಕ್ವವಿವಾ, ಅಕ್ಬರನ ಆಸ್ಥಾನದಲ್ಲಿ ಚರ್ಚೆಗೆ ಕೂತು ಬಂದವನು.

ಈ ಐವರು ಅತ್ತೆಯ ಕತೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. 34 ವರ್ಷದಲ್ಲಿ ಒಮ್ಮೆಯೂ. ಇವರು ಹೇಳುತ್ತಿದ್ದಾಗ ಅತ್ತೆ ನನ್ನ ತೋಳು ಹಿಡಿದುಕೊಂಡಿದ್ದರು. "ಇದನ್ನು ನಮ್ಮತ್ತೆ ನನಗೆ ಹೇಳಲೇ ಇಲ್ಲ," ಅಂದರು. ಆಮೇಲೆ, "ಅವರ ತಾಯಂದಿರಿಗೆ ಸುದ್ದಿ ಯಾವಾಗ ಮುಟ್ಟಿತೋ." ಹಡಗಿನಲ್ಲಿ ಕಾಗದ ಹೋಗಬೇಕಿತ್ತಲ್ಲ.

ಹತ್ತಿರದಲ್ಲೇ ಗಾಂವ್ಕಾರರ ಸ್ಮಾರಕ. ಕೊಲೆಯ ನಂತರ ಪೋರ್ತುಗೀಸರು ಊರಿನ 16 ಮುಖ್ಯಸ್ಥರನ್ನು ಮಾತುಕತೆಗೆ ಅಂತ ಅಸೋಳ್ನಾ ಕೋಟೆಗೆ ಕರೆಸಿದರು. ವಿಚಾರಣೆಯಿಲ್ಲ, ಏನಿಲ್ಲ, ಅಲ್ಲೇ ಕೊಂದರು. 15 ಜನ ಸತ್ತರು. ಒಬ್ಬ ಮಾತ್ರ ಪಾಯಖಾನೆಯ ಕಿಂಡಿಯಿಂದ ಸಾಳ್ ನದಿಗೆ ಹಾರಿ, ತಪ್ಪಿಸಿಕೊಂಡು ಕಾರವಾರ ಸೇರಿದ. ಪಾಯಖಾನೆಯ ಕಿಂಡಿ! ಕಟ್ಟಿ ಹೇಳುವವರಾದರೆ ಕೋಟೆ ಗೋಡೆಯಿಂದಲೋ ಬುರುಜಿನಿಂದಲೋ ಹಾರಿಸುತ್ತಿದ್ದರು. ನನ್ನ ಪೆನ್ನು ಅಲ್ಲೂ ನಿಂತಿತು.

"ನಾವು ಆ ಹಾರಿದವನ ಕಡೆಯವರೇ," ಅಂದರು ಅತ್ತೆ.

"ಕಾರವಾರ ಸೀಮೆಯಲ್ಲಿ ಎಲ್ಲರೂ ಹಾಗೇ ಅನ್ನೋದು ಆಯಿ. ಪಾಪ ಅವನೊಬ್ಬನಿಗೆ ಅದೆಷ್ಟು ಮಕ್ಕಳೋ," ಅಂದರು ಇವರು.

ಫಾತರ್ಪಾದಲ್ಲಿ ಎಡವಟ್ಟಾಯಿತು. ಅಲ್ಲಿ ಶಾಂತಾದುರ್ಗೆಯ ಗುಡಿ ಎರಡಿವೆ, ಫಾತರ್ಪೇಕಾರೀಣ್ ಮತ್ತು ಕುಂಕಳ್ಳಿಕಾರೀಣ್. ಬರೀ ಶಾಂತಾದುರ್ಗಾ ಅಂದರೆ ಯಾವುದಾದರೊಂದಕ್ಕೆ ಬಿಡುತ್ತಾರೆ. ನಾವು ಮೊದಲನೆಯದಕ್ಕೆ ಹೋಗಿ, ಅತ್ತೆ ಕಣ್ಣೀರು ಹಾಕಿ, ತೆಂಗಿನಕಾಯಿ ಒಡೆಸಿ, ಪ್ರಸಾದ ತಿಂದ ಮೇಲೆ ಭಟ್ಟರು ಮೆಲ್ಲಗೆ ಹೇಳಿದರು, ನಿಮ್ಮ ದೇವಿ ಆಚೆಯ ಗುಡಿಯವಳು. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ಅಕ್ಕತಂಗಿಯರು, ಹೇಳ್ತಾಳೆ ಬಿಡು," ಅಂದರು. ಎರಡನೇ ಗುಡಿಯಲ್ಲಿ ಮಾತ್ರ ಅಳು ಬರಲಿಲ್ಲ.

ಅಲ್ಲಿ ಮಳೆ ನಿಲ್ಲಲಿ ಅಂತ ಕೂತಿದ್ದಾಗ ಕುಂಕಳ್ಳಿಯ ಮುದುಕರೊಬ್ಬರು ಮಾತಿಗೆ ಸಿಕ್ಕರು. ಕುಂಕಳ್ಳಿಯಿಂದ ದೇವಿಯನ್ನು ಇಲ್ಲಿಗೆ ಸಾಗಿಸಿದ್ದು ಆ ಕಾಟದ ಕಾಲದಲ್ಲಿ. ಆದರೆ ಪ್ರತಿ ವರ್ಷ ಫಾಲ್ಗುಣದ ಪಂಚಮಿಗೆ ದೇವಿ ತವರಿಗೆ ಹೋಗುತ್ತಾಳೆ. ಅದಕ್ಕೆ ಸಾಂತ್ರ್ಯೊ ಅನ್ನುತ್ತಾರೆ, ಕೊಡೆಗಳ ಹಬ್ಬ. ಹನ್ನೆರಡು ವಾಂಗಡಗಳಿಗೆ, ಅಂದರೆ ಹನ್ನೆರಡು ಮನೆತನಗಳಿಗೆ, ಹನ್ನೆರಡು ದೊಡ್ಡ ಕೊಡೆ. ಗುಲಾಲು ಎರಚುತ್ತಾ, ಕೊಡೆ ಕುಣಿಸುತ್ತಾ ಫಾತರ್ಪಾದಿಂದ ಕುಂಕಳ್ಳಿಯವರೆಗೆ ನಡೆಯುತ್ತಾರೆ. ಕ್ರಿಶ್ಚಿಯನ್ ಆದ ಮನೆತನದವರೂ ಬರುತ್ತಾರೆ. "ದಾರಿ ಮರೆಯಬಾರದು ಅಂತ ನಡೆಯೋದೋ ಏನೋ, ನಮಗೆ ಗೊತ್ತಿಲ್ಲ. ನಡೀತೇವೆ," ಅಂದರು.

"ಅವಳಿಗೆ ಹನ್ನೆರಡು ಕೊಡೆ. ನಮಗೆ ಒಂದೂ ನೆಟ್ಟಗಿಲ್ಲ," ಅಂತ ಅತ್ತೆ ಮಗನ ಕಡೆ ನೋಡಿದರು.

ಅಸೋಳ್ನಾದಲ್ಲಿ ನಾನು ನೋಡಬೇಕೆಂದದ್ದು ನದಿ. ಫೆರಿ ಹತ್ತುವ ಇಳಿಜಾರಿನಲ್ಲಿ ನಿಂತೆವು. ಸಾಳ್ ನದಿ ಅಂಥ ದೊಡ್ಡದಲ್ಲ, ಆದರೆ ಮಳೆಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹೈಸಿಂತ್ ಗಿಡಗಳು ಗುಂಪುಗುಂಪಾಗಿ ತೇಲಿ ಹೋಗುತ್ತಿದ್ದವು. ಆಚೆ ದಡದಲ್ಲಿ ಕಾವೆಲೊಸ್ಸಿಂ. ಅತ್ತೆ ಸೆರಗು ತಲೆಗೆ ಹೊದ್ದು ನೀರನ್ನೇ ನೋಡುತ್ತಿದ್ದರು. ಫೆರಿ ಬಂತು, ಸ್ಕೂಟರ್‌ಗಳು ಇಳಿದವು. ಅವುಗಳ ಹಿಂದೆ ಒಂದು ನಾಯಿ ಆರಾಮಾಗಿ ಇಳಿದು ಮೈ ಕೊಡವಿಕೊಂಡಿತು. ಬಿಳಿದು.

"ಆಯಿ, ನಿನ್ನ ನಾಯಿ ವಾಪಸ್ ಬಂತು ನೋಡು!"

ಅತ್ತೆ ಕನ್ನಡಕ ಒರೆಸಿ ಬಗ್ಗಿ ನೋಡಿದರು. ತಮಾಷೆ ಅವರಿಗೆ ತಟ್ಟಲೇ ಇಲ್ಲ. "ಅಲ್ಲ. ಇದಕ್ಕೆ ಎರಡೂ ಕಿವಿ ಬಿಳಿ."

ನಾಲ್ಕನೇ ದಿನ: ವಾಪಸು

ಹೊರಡುವಾಗ ಬಾಯಿ ಒಂದು ಪೊಟ್ಟಣ ಕೋಕಂ ಕೊಟ್ಟಳು. ಅತ್ತೆ ಹಲಸಿನ ಹಪ್ಪಳ ಕೊಟ್ಟರು. ಹಿಂದಿನ ರಾತ್ರಿ ಅತ್ತೆಗೆಂದು ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಅನ್ನ ಮಾಡಿದ್ದಳು. ತಾನು ಒಂದು ತುತ್ತು ರುಚಿ ನೋಡಿ, "ಸಪ್ಪೆ," ಅಂತ ಮುಖ ಮಾಡಿದಳು. ಕಿಟಕಿ ತೆರೆದೇ ಇತ್ತು. ನಾನು ನೋಡಿದೆ.

ರೈಲು ಕುಳೇ ಬಿಟ್ಟ ಮೇಲೆ ಬ್ಯಾಗಿನಿಂದ ನನ್ನ ಹಳೇ ಸ್ಟೆನೋ ಪ್ಯಾಡ್ ತೆಗೆದೆ. ಅತ್ತೆ ಕೇಳಿದರು, ಏನೇ ಅದು. ನಿಮ್ಮ ಹೇಳಿಕೆ ಬರೆದುಕೊಳ್ಳುತ್ತೇನೆ ಅಂದೆ. ಕಾಲು ಕೆಳಗಿಳಿಸಿ ನೆಟ್ಟಗೆ ಕೂತರು. ಶುರು ಮಾಡಿದರು. ಈ ಸಲ ಬುಟ್ಟಿಯಲ್ಲಿ ಉಪ್ಪಿತ್ತು.

"ಅತ್ತೆ, ಹೋದ ಸಲ ಅಕ್ಕಿ ಅಂದಿದ್ದಿರಿ."

"ಎರಡೂ ಬರಿ. ಐದು ಪಾದ್ರಿಗಳದ್ದೂ ಬರಿ."

"ಅದು ನಿಮಗೆ ನಿಮ್ಮತ್ತೆ ಹೇಳಿದ್ದಲ್ಲವಲ್ಲ."

"ಹೇಳಲಿಲ್ಲ ಅಂತಲೇ ಬರಿ."

ಬರೆದೆ. ಕೊನೆಗೆ ಓದಿ ಹೇಳಿದೆ, ಕೋರ್ಟಿನಲ್ಲಿ ಓದುವ ಹಾಗೆ, ಎಲ್ಲೂ ರಾಗ ಎಳೆಯದೆ. ಇವರು ಎದುರಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅತ್ತೆ ಕಣ್ಣು ಮುಚ್ಚಿ ಕೇಳಿದರು.

"ಎಲ್ಲ ಸರಿ. ಎಡಗಿವಿ ಅಂತ ಸೇರಿಸು."

"ಯಾವುದು?"

"ನಾಯಿದು. ಕರಿ ಇದ್ದದ್ದು ಎಡಗಿವಿ."

34 ವರ್ಷದಲ್ಲಿ ಯಾವ ಕಿವಿ ಅಂತ ಅವರು ಹೇಳಿರಲಿಲ್ಲ. ಮೊದಲು ಹೇಳದ್ದನ್ನು ಕೊನೆಗೆ ಸೇರಿಸಿದರೆ ವಕೀಲರು ಅಲ್ಲೇ ಹಿಡಿಯುತ್ತಾರೆ. ನಾನು ಬದಿಯಲ್ಲಿ ಬಾಣದ ಗುರುತು ಹಾಕಿ 'ಎಡ' ಅಂತ ಸೇರಿಸಿದೆ. ಕೆಳಗೆ, ಓದಿ ಹೇಳಲಾಗಿ ಸರಿ ಇದೆ. ಸಹಿ ಮಾಡುವಾಗ ಸುರಂಗ ಬಂತು, ಅಕ್ಷರ ಸೊಟ್ಟಗಾದವು. ಲೋಂಡಾದಲ್ಲಿ ಚಹಾದವನು ಹತ್ತಿದ.